ಎಂಎಸ್ಸಿ ಫಿಸಿಕ್ಸ್, ಪೈಥಾನ್ ಅಷ್ಟಿಷ್ಟು ಬರುತ್ತೆ: ಪುಣೆಯಲ್ಲಿ ಡೇಟಾ ಕೆಲಸಕ್ಕೆ 60 ಸಾವಿರದ ಕ್ಲಾಸ್ ಬೇಕೇ?

ಕರ್ವೆನಗರ_ಫಿಸಿಕ್ಸ್:

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಫಿಸಿಕ್ಸ್ ಮುಗಿದಿದೆ, ಈಗ ಪುಣೆಯಲ್ಲಿದ್ದೇನೆ. ಪ್ರಾಜೆಕ್ಟಿಗೆ ಪೈಥಾನ್ ಬಳಸಿದ್ದೆ: ಲೆಕ್ಕಕ್ಕೆ ನಮ್‌ಪೈ, ಗ್ರಾಫಿಗೆ ಮ್ಯಾಟ್‌ಪ್ಲಾಟ್‌ಲಿಬ್, ಕರ್ವ್ ಫಿಟ್ಟಿಂಗ್, ಅಷ್ಟೇ. ಎಸ್‌ಕ್ಯೂಎಲ್ (ಡೇಟಾಬೇಸಿನ ಟೇಬಲ್‌ಗಳಿಂದ ಮಾಹಿತಿ ತೆಗೆಯುವ ಭಾಷೆ) ಗೊತ್ತಿಲ್ಲ. ಡೇಟಾ ಅನಲಿಸ್ಟ್, ಜೂನಿಯರ್ ಡೇಟಾ ಇಂಜಿನಿಯರ್ ಅಂತ ಕಂಡಲ್ಲೆಲ್ಲ ಅರ್ಜಿ ಹಾಕುತ್ತಿದ್ದೇನೆ, ಒಂದು ಕಡೆಯಿಂದಲೂ ಫೋನ್ ಇಲ್ಲ.

ಕೇಳಬೇಕಾಗಿದ್ದು ಇಷ್ಟು. ನಾಲ್ಕು ತಿಂಗಳ ಡೇಟಾ ಸೈನ್ಸ್ ಕ್ಲಾಸ್, ಫೀಸು 60 ಸಾವಿರ, 'ಪ್ಲೇಸ್‌ಮೆಂಟ್ ಗ್ಯಾರಂಟಿ' ಅಂತಾರೆ, ಸೇರಲೇ? ಪ್ರಾಜೆಕ್ಟ್ ಅಂತ ಏನು ತೋರಿಸಲಿ? ಕಲಿಯುವವರೆಲ್ಲ ಮಾಡುವ ಟೈಟಾನಿಕ್, ಐರಿಸ್ ಡೇಟಾ ಎರಡೂ ಮಾಡಿದ್ದೇನೆ. ರೆಸ್ಯೂಮೆಯಲ್ಲಿ ಫಿಸಿಕ್ಸ್ ಅನ್ನೋದನ್ನು ಕೆಳಗೆ ತಳ್ಳಲೇ? ಕೊನೆಯದು, ಖರಾಡಿ ಕಡೆಯ ಒಂದು ಸಣ್ಣ ಕಂಪನಿ ವರ್ಷಕ್ಕೆ 4.8 ಲಕ್ಷ ಸಿಟಿಸಿ (ಕಂಪನಿಗೆ ತಗಲುವ ಒಟ್ಟು ವೆಚ್ಚ) ಅಂತಿದೆ, ಎರಡು ವರ್ಷದ ಬಾಂಡ್, ಮಾರ್ಕ್ಸ್‌ಕಾರ್ಡ್ ಒರಿಜಿನಲ್ ಅವರ ಹತ್ತಿರ ಇಡಬೇಕಂತೆ. ಅಣ್ಣ-ಅಕ್ಕಂದಿರು ಈ ತಂಗಿಗೆ ಸ್ವಲ್ಪ ದಾರಿ ಹೇಳಿ.

ಬಾಣೇರ_ಡೇಟಾ:

ಕ್ಲಾಸ್ ಬೇಡ. ಬೋರ್ಡಿನ ಮೇಲೆ 'ಪ್ಲೇಸ್‌ಮೆಂಟ್ ಗ್ಯಾರಂಟಿ' ಇರುತ್ತೆ, ಸಹಿ ಹಾಕಿಸಿಕೊಳ್ಳುವ ಫಾರ್ಮಿನಲ್ಲಿ ಅದೇ 'ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್' ಆಗಿರುತ್ತೆ. ಸೇರಲೇಬೇಕು ಅನಿಸಿದರೆ ದುಡ್ಡು ಕಟ್ಟುವ ಮುಂಚೆ ಆ ಫಾರ್ಮನ್ನು ಮನೆಗೆ ತಂದು ಓದಿ. ಕೆಲಸ ಸಿಗದಿದ್ದರೆ ಎಷ್ಟು ವಾಪಸ್, ಎಷ್ಟು ದಿನದೊಳಗೆ ಅಂತ ಬರಹದಲ್ಲಿ ಇಲ್ಲದಿದ್ದರೆ ಅದು ಬರೀ ಬಾಯಿಮಾತು.

ನಿಮಗೆ ಸದ್ಯ ಕೊರತೆ ಇರೋದು ಎಸ್‌ಕ್ಯೂಎಲ್ ಒಂದೇ. ಅದಕ್ಕೆ ದುಡ್ಡು ಬೇಡ. ಪೈಥಾನ್ ಹಾಕಿಕೊಂಡಿದ್ದರೆ ಎಸ್‌ಕ್ಯೂಲೈಟ್ ಅನ್ನೋ ಚಿಕ್ಕ ಡೇಟಾಬೇಸ್ ಅದರ ಜೊತೆಗೇ ಬಂದಿರುತ್ತೆ. ದಿನಕ್ಕೆ ಒಂದೂವರೆ ಗಂಟೆಯಂತೆ ಆರು ವಾರ ಕೂತರೆ ಜೂನಿಯರ್ ಇಂಟರ್ವ್ಯೂ ದಾಟುವಷ್ಟು ಬರುತ್ತೆ. ಆದರೆ ಸಿಂಟ್ಯಾಕ್ಸ್ ಬಾಯಿಪಾಠ ಮಾಡಿದವರನ್ನು ಎಲ್ಲಿ ಬೀಳಿಸುತ್ತಾರೆ ಅಂತ ಗೊತ್ತಿರಲಿ.

ಗ್ರಾಹಕರ ಟೇಬಲ್‌ನಲ್ಲಿ 5 ಜನ, ಆರ್ಡರ್ ಟೇಬಲ್‌ನಲ್ಲಿ ಅವರಲ್ಲಿ 3 ಜನರದ್ದು ಮಾತ್ರ ಅಂದುಕೊಳ್ಳಿ. ಲೆಫ್ಟ್ ಜಾಯಿನ್ (ಎಡಗಡೆಯ ಟೇಬಲ್‌ನ ಎಲ್ಲ ಸಾಲನ್ನೂ ಉಳಿಸಿಕೊಂಡು ಎರಡು ಟೇಬಲ್ ಜೋಡಿಸೋದು) ಹಾಕಿದರೆ ಐವರೂ ಬರುತ್ತಾರೆ, ಆರ್ಡರ್ ಇಲ್ಲದ ಇಬ್ಬರ ಮುಂದೆ ನಲ್, ಅಂದರೆ ಖಾಲಿ. ಈಗ 'ಈ ವರ್ಷದ ಆರ್ಡರ್ ಮಾತ್ರ' ಅನ್ನುವ ಷರತ್ತನ್ನು ಸಾಲು ಸೋಸುವ ವೇರ್ ಭಾಗದಲ್ಲಿ ಬರೆದಿರೋ, ಆ ಇಬ್ಬರೂ ಮಾಯ. ನಲ್ ಅನ್ನು ಯಾವ ತಾರೀಖಿನ ಜೊತೆ ಹೋಲಿಸಿದರೂ ಉತ್ತರ 'ನಿಜ'ವೂ ಅಲ್ಲ, 'ಸುಳ್ಳೂ' ಅಲ್ಲ, 'ಗೊತ್ತಿಲ್ಲ'. ವೇರ್ ಒಳಗೆ ಬಿಡೋದು 'ನಿಜ' ಆದ ಸಾಲನ್ನಷ್ಟೇ. ಐವರೂ ಬೇಕಿದ್ದರೆ ಷರತ್ತನ್ನು ಟೇಬಲ್ ಜೋಡಿಸುವ ಆನ್ ಭಾಗದಲ್ಲಿ ಬರೆಯಬೇಕು. ಇದೇ ಕಾರಣಕ್ಕೆ 'ಈ ಪಟ್ಟಿಯಲ್ಲಿ ಇಲ್ಲದವು' ಅಂತ ಕೇಳುವ ನಾಟ್ ಇನ್ ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ನಲ್ ನುಸುಳಿದರೂ ಉತ್ತರ ಸೊನ್ನೆ ಸಾಲು. ಅಲ್ಲಿ ನಾಟ್ ಎಕ್ಸಿಸ್ಟ್ಸ್ ಬಳಸಿ. ಕೌಂಟ್ ಸ್ಟಾರ್ ಎಲ್ಲ ಸಾಲನ್ನೂ ಎಣಿಸುತ್ತೆ, ಕಾಲಂ ಹೆಸರು ಕೊಟ್ಟ ಕೌಂಟ್ ನಲ್ ಇರೋದನ್ನು ಬಿಟ್ಟು ಎಣಿಸುತ್ತೆ. ಮೂರೂ ಒಂದೇ ಗಂಟಿನ ಮೂರು ಎಳೆ. ಆ ಗಂಟು ತಿಳಿದಿದೆಯಾ ಅಂತಲೇ ಕೇಳೋದು.

ಇನ್ನೊಂದು, ಜಾಯಿನ್ ಮಾಡಿದಾಗ ಸಾಲು ಹಿಗ್ಗುವುದು. ಒಂದೇ ಕೀ (ಎರಡು ಟೇಬಲ್ ಜೋಡಿಸುವ ಗುರುತು) ಎಡಗಡೆ 3 ಸಾಲಿನಲ್ಲಿ, ಬಲಗಡೆ 2 ಸಾಲಿನಲ್ಲಿ ಇದ್ದರೆ ಹೊರಬರೋದು 6 ಸಾಲು. ಎರರ್ ಬರಲ್ಲ, ಮಾರಾಟದ ಮೊತ್ತ ಮಾತ್ರ ಸದ್ದಿಲ್ಲದೆ ಉಬ್ಬಿರುತ್ತೆ. ಪೈಥಾನಿನ ಟೇಬಲ್ ಲೈಬ್ರರಿ ಪಾಂಡಾಸ್‌ನಲ್ಲಿ ಮರ್ಜ್ (ಅಲ್ಲಿನ ಜಾಯಿನ್) ಮಾಡುವಾಗ ವ್ಯಾಲಿಡೇಟ್ ಅನ್ನೋ ಆಯ್ಕೆ ಇದೆ, 'ಒಂದಕ್ಕೆ ಒಂದು', 'ಹಲವಕ್ಕೆ ಒಂದು' ಅಂತ ಮೊದಲೇ ಹೇಳಿಟ್ಟರೆ ತಪ್ಪಿದ ಕೂಡಲೇ ನಿಲ್ಲಿಸುತ್ತೆ. ಎಸ್‌ಕ್ಯೂಎಲ್‌ನಲ್ಲಿ ಜಾಯಿನ್‌ಗೆ ಮುಂಚೆ, ಆಮೇಲೆ ಸಾಲು ಎಣಿಸುವ ಚಾಳಿ ಬೆಳೆಸಿಕೊಳ್ಳಿ. ಡೂಪ್ಲಿಕೇಟ್ ಕಳೆಯೋಕೆ ರೋ ನಂಬರ್ ವಿಂಡೋ ಫಂಕ್ಷನ್ ಕಲಿಯಿರಿ: ಕೀ ಪ್ರಕಾರ ಗುಂಪು ಮಾಡಿ, ತಾರೀಖಿನ ಪ್ರಕಾರ ಇಳಿಕೆ ಕ್ರಮದಲ್ಲಿ ಜೋಡಿಸಿ, 1 ಬಂದ ಸಾಲನ್ನು ಇಟ್ಟುಕೊಂಡು ಉಳಿದದ್ದು ಬಿಡುವುದು.

ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಬಗ್ಗೆ ಹೆಚ್ಚು ಹೇಳೋದಿಲ್ಲ. 'ಫೈನಲ್', 'ಫೈನಲ್2', 'ಫೈನಲ್_ಲಾಸ್ಟ್' ಅಂತ ಫೈಲ್ ಇಡೋದು ಇವತ್ತೇ ನಿಲ್ಲಿಸಿ.

ಪಾಷಾಣ_ಮಳೆ:

ಎಸ್‌ಕ್ಯೂಎಲ್ ವಿಚಾರದಲ್ಲಿ ಮೇಲಿನವರು ಹೇಳಿದ್ದು ಸರಿ. ನಾನು ಪ್ರಾಜೆಕ್ಟಿನ ಮಾತಿಗೆ ಬರ್ತೀನಿ.

ಐರಿಸ್ ಅಂದ್ರೆ 150 ಹೂವು, ಫಿಶರ್ 1936ರಲ್ಲಿ ಬಳಸಿದ ಲೆಕ್ಕ. ಟೈಟಾನಿಕ್ ಅಂದ್ರೆ 891 ಸಾಲಿನ ಫೈಲು. ಎರಡರಲ್ಲೂ ಕೊಳೆ ತೊಳೆಯೋ ಕೆಲಸ ಹೆಚ್ಚೇನೂ ಇಲ್ಲ, ಉತ್ತರ ಎಲ್ಲರಿಗೂ ಗೊತ್ತು. ಅದನ್ನು ರೆಸ್ಯೂಮೆಯಲ್ಲಿ ನೋಡಿದವರು ಓದದೆ ಕೆಳಗಿಳೀತಾರೆ.

ನೀವಿರೋ ಊರಲ್ಲೇ ಬಂಗಾರದಂಥ ಡೇಟಾ ಇದೆ. ಶಿವಾಜಿನಗರದ ಸಿಮ್ಲಾ ಆಫೀಸ್ ಅಂತ ರಿಕ್ಷಾದವರೂ ಹೇಳೋ ಹವಾಮಾನ ಇಲಾಖೆ ಕಚೇರಿ ಇದೆಯಲ್ಲ, ಅಲ್ಲಿನ ವೆಬ್‌ಸೈಟಿನಲ್ಲಿ ಇಡೀ ದೇಶದ ದಿನದ ಮಳೆ 1901ರಿಂದ ಪುಕ್ಕಟೆ ಸಿಗುತ್ತೆ. ಕಾಲು ಡಿಗ್ರಿ ಚೌಕದ ಗ್ರಿಡ್, ವರ್ಷಕ್ಕೊಂದು ಬೈನರಿ ಫೈಲು. ಎಕ್ಸೆಲ್‌ನಲ್ಲಿ ತೆರೆಯೋಲ್ಲ, ಹೆಡರ್ ಇಲ್ಲ, ಕಾಲಂ ಹೆಸರಿಲ್ಲ. ಅದೇ ಅದರ ಲಾಭ.

ಗ್ರಿಡ್ ಹೀಗಿದೆ: ಅಕ್ಷಾಂಶ 6.5ರಿಂದ 38.5ರವರೆಗೆ 129 ಬಿಂದು, ರೇಖಾಂಶ 66.5ರಿಂದ 100ರವರೆಗೆ 135 ಬಿಂದು. ಪ್ರತಿ ಅಂಕಿ 4 ಬೈಟಿನ ಫ್ಲೋಟ್ (ದಶಮಾಂಶ ಸಂಖ್ಯೆ). ಹಾಗಾಗಿ ಒಂದು ವರ್ಷದ ಫೈಲು 365 × 129 × 135 × 4, ಅಂದರೆ 2,54,25,900 ಬೈಟ್ ಇರಬೇಕು. ಓದುವ ಮುಂಚೆ ಈ ಗುಣಾಕಾರ ಮಾಡಿ ಫೈಲಿನ ಗಾತ್ರದ ಜೊತೆ ತಾಳೆ ನೋಡಿ, ಅದನ್ನೇ ಕೋಡಿನ ಮೊದಲ ಪರೀಕ್ಷೆಯಾಗಿ ಬರೆಯಿರಿ. ನಮ್‌ಪೈಯ ಫ್ರಮ್‌ಫೈಲ್‌ನಿಂದ ಫ್ಲೋಟ್32 ಆಗಿ ಓದಿ, ದಿನ, ಅಕ್ಷಾಂಶ, ರೇಖಾಂಶ ಈ ಕ್ರಮದ ಮೂರು ಆಯಾಮಕ್ಕೆ ಮಡಚಿ (ರೀಶೇಪ್). ಕೊನೆಯ ಎರಡನ್ನು ಅದಲುಬದಲು ಮಾಡಿದರೂ ಎರರ್ ಬರಲ್ಲ, ಯಾಕಂದ್ರೆ ಗುಣಲಬ್ಧ ಒಂದೇ. ನಕ್ಷೆ ಬಿಡಿಸಿದಾಗ ಓರೆ ಪಟ್ಟೆಗಳು ಕಾಣುತ್ತವೆ, ಅಷ್ಟೇ. ಸಹ್ಯಾದ್ರಿಯ ಉದ್ದಕ್ಕೂ ಒದ್ದೆ ಗೆರೆ, ಅದರ ಪೂರ್ವಕ್ಕೆ ಒಣ ಪ್ರದೇಶ ಕಂಡರೆ ಸರಿ ಮಡಚಿದ್ದೀರಿ ಅಂತ.

ಆಮೇಲೆ −999. ಡೇಟಾ ಇಲ್ಲದ ಜಾಗದಲ್ಲಿ, ಸಮುದ್ರದ ಮೇಲೆಲ್ಲ, ಈ ಅಂಕಿ ತುಂಬಿರುತ್ತೆ. ತೆಗೆಯದೆ ಸರಾಸರಿ ಹಾಕಿದರೆ ದೇಶದ ಮಳೆ ಋಣಾತ್ಮಕ ಬರುತ್ತೆ, ಅದಾದರೂ ಕಣ್ಣಿಗೆ ಹೊಡೆಯುತ್ತೆ. ಕರಾವಳಿಯ ಅಕ್ಕಪಕ್ಕದ ಚೌಕಗಳನ್ನು ಮಾತ್ರ ಗುಂಪು ಮಾಡಿದಾಗ ಒಂದೆರಡು −999 ಸೇರಿ ಉತ್ತರ ಧನಾತ್ಮಕವಾಗೇ ಉಳಿದು ಕಡಿಮೆ ತೋರಿಸಿದರೆ ಯಾರಿಗೂ ಗೊತ್ತಾಗಲ್ಲ. ಓದಿದ ಕೂಡಲೇ ನ್ಯಾನ್ ('ಅಂಕಿ ಇಲ್ಲ' ಅನ್ನುವ ಗುರುತು) ಮಾಡಿಬಿಡಿ. ಹಾಗೇ ಕೂಡುವ ಮುಂಚೆ ಫ್ಲೋಟ್64ಕ್ಕೆ ಬದಲಿಸಿ. ಫ್ಲೋಟ್32ರಲ್ಲಿ ನಂಬಬಹುದಾದದ್ದು ಸುಮಾರು 7 ಅಂಕಿ ಮಾತ್ರ.

ಈಗ ಮುಖ್ಯವಾದದ್ದು. 2005ರ ಜುಲೈ 26ರ ಮುಂಬೈ ಮಳೆ ಯಾರಿಗೆ ಗೊತ್ತಿಲ್ಲ? ಸಾಂತಾಕ್ರೂಝ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಈ ಡೇಟಾದಲ್ಲಿ ಅದು 26ನೇ ತಾರೀಖಿನಲ್ಲಿ ಸಿಗೋಲ್ಲ, 27ರಲ್ಲಿ ಹುಡುಕಬೇಕು. ನಮ್ಮ ಮಳೆಮಾಪಕದ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತೆ, ಹಿಂದಿನ 24 ಗಂಟೆಯ ಮಳೆಗೆ ಅಳೆದ ದಿನದ ತಾರೀಖು ಬೀಳುತ್ತೆ. ನಮ್ಮ 8.30 ಅಂದ್ರೆ ಯುಟಿಸಿ (ಜಾಗತಿಕ ಪ್ರಮಾಣ ಸಮಯ) 3 ಗಂಟೆ. ಯುಟಿಸಿ ಮಧ್ಯರಾತ್ರಿಗೆ ದಿನ ಬದಲಾಗುವ ಉಪಗ್ರಹದ ಮಳೆ ಡೇಟಾ ಜೊತೆ ಇದನ್ನು ತಾರೀಖಿನ ಮೇಲೆ ಜಾಯಿನ್ ಮಾಡಿದರೆ ಎರಡೂ ಸರಿ ಇದ್ದೂ ಹೊಂದಾಣಿಕೆ ಕೆಡುತ್ತೆ. 'ಮಾಡೆಲ್ ಕೆಟ್ಟದು' ಅಂತ ಮಾಡೆಲನ್ನು ತಿದ್ದೋಕೆ ಕೂರ್ತಾರೆ ಜನ.

ಪರೀಕ್ಷೆ ಮಾಡಿ ನೋಡಿ. ಎಣಿಕೆ ಸೊನ್ನೆಯಿಂದ ಶುರುವಾದರೆ 2005ರ ಜುಲೈ 27ರ ಸೂಚಿ 207. ಅಕ್ಷಾಂಶ 19.0 ಅಂದರೆ (19.0 − 6.5) ÷ 0.25 = 50ನೇ ಸಾಲು. ರೇಖಾಂಶ 73.0 ಅಂದರೆ 26ನೇ ಕಾಲಂ. ಅಲ್ಲಿಯ ಸುತ್ತಮುತ್ತ ನೋಡಿ. 944 ಸಿಗುತ್ತೆ ಅಂತ ಕಾಯಬೇಡಿ. ಅದೇ 24 ಗಂಟೆಯಲ್ಲಿ ಮುಂಬೈಯದೇ ಕೊಲಾಬಾದಲ್ಲಿ ಬಿದ್ದದ್ದು 73 ಮಿ.ಮೀ. ಮಾತ್ರ. ಸುಮಾರು 27 ಕಿ.ಮೀ. ಅಗಲದ ಚೌಕಕ್ಕೆ ಸುತ್ತಲಿನ ಮಾಪಕಗಳನ್ನೆಲ್ಲ ಸೇರಿಸಿ ಒಂದೇ ಅಂಕಿ ಕೊಟ್ಟಾಗ ಶಿಖರ ಸವೆಯುತ್ತೆ. ಈ ಒಂದು ಪ್ಯಾರಾವನ್ನು ನಿಮ್ಮ ರೀಡ್‌ಮೀಯಲ್ಲಿ (ಪ್ರಾಜೆಕ್ಟಿನ ಪರಿಚಯದ ಫೈಲು) ನಿಮ್ಮ ಮಾತಲ್ಲಿ ಬರೆದರೆ ಇಂಟರ್ವ್ಯೂ ಅರ್ಧ ಗಂಟೆ ಅದರ ಮೇಲೇ ನಡೆಯುತ್ತೆ, ಅದೂ ನೀವು ಬಲ್ಲ ಜಾಗದಲ್ಲಿ.

ದೇಶದ ಸರಾಸರಿ ತೆಗೆಯೋದಾದರೆ ಅಕ್ಷಾಂಶದ ಕೊಸೈನ್ ತೂಕ ಕೊಡಿ. 8 ಡಿಗ್ರಿಯಲ್ಲಿ ಅದು 0.99, 37 ಡಿಗ್ರಿಯಲ್ಲಿ 0.80, ಉತ್ತರದ ಚೌಕಗಳು ಅಷ್ಟು ಕಿರಿದು. ಫಿಸಿಕ್ಸ್‌ನವರಿಗೆ ಇದು ಕೂಡಲೇ ಹೊಳೆಯುತ್ತೆ, ಕ್ಲಾಸಿನಲ್ಲಿ ಕಲಿತವರಿಗೆ ಹೊಳೆಯೋದು ಕಮ್ಮಿ.

ಮಾಡೆಲ್ ಬೇಕೇ ಬೇಕು ಅಂದರೆ 'ನಾಳೆ ಮಳೆ ಬರುತ್ತಾ' ಅಂತ ಚಿಕ್ಕದು ಸಾಕು. ಸಾಲುಗಳನ್ನು ಕಲಸಿ ಟ್ರೇನ್ (ಮಾಡೆಲ್ ಕಲಿಯೋಕೆ), ಟೆಸ್ಟ್ (ಪರೀಕ್ಷಿಸೋಕೆ) ಅಂತ ಭಾಗ ಮಾಡಬೇಡಿ. ಜುಲೈ 10 ಟ್ರೇನಿನಲ್ಲಿ, ಜುಲೈ 11 ಟೆಸ್ಟಿನಲ್ಲಿ ಇದ್ದರೆ ಪರೀಕ್ಷೆಯಲ್ಲಿ ಪಕ್ಕದವನ ಹಾಳೆ ನೋಡಿ ಬರೆದ ಹಾಗೆ. ವರ್ಷದ ಪ್ರಕಾರ ಕತ್ತರಿಸಿ. 'ಇವತ್ತು ಬಂದಿದ್ದರೆ ನಾಳೆಯೂ ಬರುತ್ತೆ' ಅನ್ನುವ ಒಂದು ಸಾಲಿನ ನಿಯಮವನ್ನು ಪಕ್ಕದಲ್ಲಿಟ್ಟು ಹೋಲಿಸಿ. ಪುಣೆಯಲ್ಲಿ ವರ್ಷದ ಹೆಚ್ಚಿನ ದಿನ ಮಳೆಯೇ ಇಲ್ಲ, 'ಬರಲ್ಲ' ಅಂತ ಕಣ್ಣು ಮುಚ್ಚಿ ಹೇಳಿದರೂ ಆಕ್ಯುರಸಿ ಚೆನ್ನಾಗೇ ಬರುತ್ತೆ, ಆದ್ದರಿಂದ ಪ್ರಿಸಿಶನ್ ('ಬರುತ್ತೆ' ಅಂದ ದಿನಗಳಲ್ಲಿ ಎಷ್ಟು ದಿನ ಬಂತು), ರೀಕಾಲ್ (ಮಳೆ ಬಂದ ದಿನಗಳಲ್ಲಿ ಎಷ್ಟನ್ನು ಮೊದಲೇ ಹೇಳಿತ್ತು) ಎರಡೂ ಬರೆಯಿರಿ. ನಿಮ್ಮ ಮಾಡೆಲ್ ಆ ಒಂದು ಸಾಲಿನ ನಿಯಮಕ್ಕಿಂತ ಸೋತರೆ ಸೋತಿದೆ ಅಂತಲೇ ಬರೆಯಿರಿ. ಕೋಡನ್ನು ಎಐ ಕೈಲಿ ಬರೆಸಿದರೂ ನನ್ನ ತಕರಾರಿಲ್ಲ, ಆದರೆ −999 ಯಾಕೆ ತೆಗೆದಿರಿ ಅಂತ ಕೇಳಿದಾಗ ಉತ್ತರ ನಿಮ್ಮ ಬಾಯಿಂದ ಬರಬೇಕು.

ಹುಬ್ಬಳ್ಳಿ_ಟು_ಹಿಂಜವಡಿ:

ಫಿಸಿಕ್ಸ್ ಯಾಕ ಮುಚ್ಚಿಡ್ತೀರಿ ತಂಗಿ? ಮ್ಯಾಲೆ ಇಡ್ರಿ. ಮುಚ್ಚಿಡೂದು ಏನರ ಇದ್ರ ಆ ಟೈಟಾನಿಕ್ ಮುಚ್ಚಿಡ್ರಿ.

ಫೋನ್ ಬರವಲ್ತು ಅಂದ್ರ ಮೊದಲು ರೆಸ್ಯೂಮೆ ನೋಡ್ರಿ. ಸೈನ್ಸ್‌ನವರು ಲೇಟೆಕ್ ಅನ್ನೂ ಟೈಪ್‌ಸೆಟ್ಟಿಂಗ್ ಸಾಫ್ಟ್‌ವೇರ್‌ನಾಗ ಮಾಡಿರ್ತಾರ, ಭಾಳ ಚಂದ ಕಾಣ್ತದ, ಆದ್ರ ಕಂಪನಿ ಸಾಫ್ಟ್‌ವೇರ್ ಅದನ್ನ ಕಣ್ಣಿಂದ ನೋಡೂದಿಲ್ಲ, ಅಕ್ಷರ ಹೆಕ್ಕಿ ಓದ್ತದ. ಎಫ್ ಮತ್ತ ಐ ಕೂಡಿ ಒಂದ ಗುರುತು ಆಗಿರ್ತದ. ಹೆಕ್ಕುವಾಗ ಅದು ಬಿದ್ದು ಹೋತು ಅಂದ್ರ 'ಸೈಂಟಿಫಿಕ್', 'ಫಿಟ್ಟಿಂಗ್' ಎರಡೂ ಅರ್ಧ ಆಗ್ತಾವ, ಹುಡುಕಿದವರಿಗೆ ಸಿಗೂದಿಲ್ಲ. ಪಿಡಿಎಫ್ ತಗದು, ಎಲ್ಲಾ ಸೆಲೆಕ್ಟ್ ಮಾಡಿ, ನೋಟ್‌ಪ್ಯಾಡ್‌ನಾಗ ಪೇಸ್ಟ್ ಮಾಡಿ ಓದ್ರಿ. ಅಲ್ಲಿ ಏನು ಕಾಣ್ತದೋ ಅದ ನಿಮ್ಮ ರೆಸ್ಯೂಮೆ. ಅಕ್ಷರ ಬಿದ್ದಿದ್ರ ಪಿಡಿಎಫ್‌ಲೇಟೆಕ್‌ನಾಗ ಗ್ಲಿಫ್‌ಟುಯುನಿಕೋಡ್ ಫೈಲ್ ಇನ್‌ಪುಟ್ ಕೊಟ್ಟು, ಪಿಡಿಎಫ್‌ಜೆನ್‌ಟುಯುನಿಕೋಡ್ ಅನ್ನೂದನ್ನ 1 ಮಾಡ್ರಿ. ಎರಡು ಕಾಲಂ ಇದ್ರ ಎಡಗಡೆ ಸಾಲು ಬಲಗಡೆ ಸಾಲಿನ ಜೋಡಿ ಹೆಣಕೊಂಡಿರ್ತಾವ, ಒಂದ ಕಾಲಂ ಮಾಡ್ರಿ, ಒಂದ ಪುಟ. ಸ್ಕಿಲ್‌ಗೆ ಐದು ಚುಕ್ಕಿಯೊಳಗ ನಾಕು ಅಂತ ಬಣ್ಣ ತುಂಬೂದು ಬ್ಯಾಡ.

'ಪೈಥಾನ್ ಬಳಸಿ ಡೇಟಾ ಅನಾಲಿಸಿಸ್ ಮಾಡಿದೆ' ಅಂದ್ರ ಏನೂ ತಿಳಿಯಂಗಿಲ್ಲ. ಮ್ಯಾಲಿನವರು ಹೇಳಿದ ಪ್ರಾಜೆಕ್ಟ್ ಮಾಡಿದ್ರ ಹಿಂಗ ಬರೀರಿ: 'ಹವಾಮಾನ ಇಲಾಖೆಯ 20 ವರ್ಷದ ಬೈನರಿ ಫೈಲ್ ಓದಿ, ಗಾತ್ರ ಮತ್ತು −999 ತಪಾಸಣೆ ಸೇರಿಸಿ, ಎಸ್‌ಕ್ಯೂಲೈಟ್ ಟೇಬಲ್ ಮಾಡಿದೆ, ತಾರೀಖಿನ ಒಂದು ದಿನದ ವ್ಯತ್ಯಾಸ ಪತ್ತೆ ಹಚ್ಚಿ ಸರಿಪಡಿಸಿದೆ.' ಒಂದ ಸಾಲಿನಾಗ ಎಸ್‌ಕ್ಯೂಎಲ್ಲೂ ಬಂತು, ಪೈಥಾನೂ ಬಂತು, ತಲಿ ಅದ ಅಂತನೂ ಗೊತ್ತಾತು.

ಇನ್ನ ಆ 4.8 ಲಕ್ಷ. ತಿಂಗಳಿಗೆ 40 ಸಾವಿರ ಅಂತ ಮನಸ್ಸಿನಾಗ ಮಂಡಿಗಿ ತಿನಬ್ಯಾಡ್ರಿ. ಬೇಸಿಕ್ ಅರ್ಧ, ಅಂದ್ರ 2,40,000, ವೇರಿಯಬಲ್ ಶೇ. 10 ಅಂತ ಹಿಡೀರಿ. ವೇರಿಯಬಲ್ 48,000 ಮೊದಲ ಕಳೀರಿ, ಅದು ಕೊಟ್ರ ಕೊಟ್ರು. ಕಂಪನಿ ಪಾಲಿನ ಪಿಎಫ್ 15,000ದ ಮಿತಿ ಮ್ಯಾಲೆ ಶೇ. 12, ತಿಂಗಳಿಗೆ 1,800, ವರ್ಷಕ್ಕ 21,600. ಗ್ರಾಚ್ಯುಟಿ ಬೇಸಿಕ್‌ನ ಶೇ. 4.81, ಅಂದ್ರ 11,544. ಉಳಿದದ್ದು 3,98,856, ತಿಂಗಳಿಗೆ 33,238. ಇದರಾಗ ನಿಮ್ಮ ಪಾಲಿನ ಪಿಎಫ್ 1,800, ಮಹಾರಾಷ್ಟ್ರದ ಪ್ರೊಫೆಶನಲ್ ಟ್ಯಾಕ್ಸ್ 200 ಹೋದ್ರ ಕೈಗೆ 31,238. ಫೆಬ್ರವರಿಯೊಳಗ ಟ್ಯಾಕ್ಸ್ 300, ಅವಾಗ ನೂರು ಕಮ್ಮಿ. ಆರೋಗ್ಯ ವಿಮಾನೂ ಸಿಟಿಸಿಯೊಳಗ ತುರುಕಿದ್ರ ಇನ್ನೂ ಇಳೀತದ. ಆಫರ್ ಲೆಟರ್ ಜೋಡಿ ಬ್ರೇಕಪ್ ಶೀಟ್ ಕೇಳ್ರಿ. ಕೊಡಲಿಕ್ಕೆ ತಡ ಮಾಡಿದ್ರ ಅದರಾಗ ಉತ್ತರ ಅದ.

ಒರಿಜಿನಲ್ ಮಾತ್ರ ಕೊಡಬ್ಯಾಡ್ರಿ. ತೋರಸ್ರಿ, ಝೆರಾಕ್ಸ್ ಕೊಡ್ರಿ, ಒರಿಜಿನಲ್ ಚೀಲಕ್ಕ ಹಾಕ್ಕೊಂಡು ಎದ್ದು ಬರ್ರಿ. ಬಾಂಡ್ ಅಂದ್ರ ಅಷ್ಟ ಹೆದರಬ್ಯಾಡ್ರಿ, ಹಂಗಂತ ಓದಲಾರದ ಸಹಿನೂ ಹಾಕಬ್ಯಾಡ್ರಿ. 1872ರ ಕರಾರು ಕಾಯ್ದೆ 74ನೇ ಕಲಮಿನ ಪ್ರಕಾರ ಕರಾರು ಮುರಿದ್ರ ಬರೂದು ನ್ಯಾಯವಾದ ಪರಿಹಾರ, ಬರೆದ ಮೊತ್ತ ಅದರ ಮ್ಯಾಲಿನ ಮಿತಿ. ಅಂದ್ರ ಬರೆದ ಅಂಕಿನ ಮುಖ್ಯ. ಅವರು ಕೊಡೂ ಟ್ರೇನಿಂಗ್ ಏನು, ಎಷ್ಟು ವಾರ, ಮೊತ್ತ ತಿಂಗಳ ತಿಂಗಳ ಕರಗ್ತದೋ ಇಲ್ಲೋ, ಅವರ ತಗದ್ರ ನೀವು ಕೊಡಬೇಕೋ, ಈ ನಾಕು ಕೇಳ್ರಿ. ಸೇರಲಿಕ್ಕೆ ಡೆಪಾಸಿಟ್ ಕೇಳಿದ್ರಂತೂ ಅದು ಕೆಲಸ ಅಲ್ಲ, ಅಂಗಡಿ.

ದೋಣಾಪಾವ್ಲ_ಅಲೆ:

ಎಲ್ಲರೂ ಐಟಿ ಕಂಪನಿಗಳ ಹಿಂಜವಡಿ ಕಡೆಗೇ ಮುಖ ಮಾಡಿಸ್ತಿದ್ದೀರಲ್ಲ. ಪುಣೆ ಯೂನಿವರ್ಸಿಟಿ ಆವರಣದಲ್ಲಿ ಖಗೋಳ ಸಂಸ್ಥೆ ಐಯುಕಾ, ರೇಡಿಯೋ ಖಗೋಳ ಕೇಂದ್ರ ಎನ್‌ಸಿಆರ್‌ಎ, ಪಾಷಾಣದಲ್ಲಿ ಉಷ್ಣವಲಯದ ಹವಾಮಾನ ಸಂಸ್ಥೆ, ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆ ಐಸರ್, ಮುಂಬೈ ಕೊಲಾಬಾದಲ್ಲಿ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್, ಗೋವಾದಲ್ಲಿ ದೋಣಾಪಾವ್ಲದ ಸಮುದ್ರ ವಿಜ್ಞಾನ ಸಂಸ್ಥೆ. ಇವುಗಳ ವೆಬ್‌ಸೈಟಿನಲ್ಲಿ ಪ್ರಾಜೆಕ್ಟ್ ಹುದ್ದೆಗಳ ಜಾಹೀರಾತು ಆಗಾಗ ಬರುತ್ತವೆ, ನೌಕರಿ ಸೈಟುಗಳಲ್ಲಿ ಎಷ್ಟೋ ಸಲ ಕಾಣೋದೇ ಇಲ್ಲ. ವಾರಕ್ಕೊಮ್ಮೆ ನೀವೇ ಹೋಗಿ ನೋಡಬೇಕು. ನಾರಾಯಣಗಾಂವ್ ಹತ್ತಿರ ಖೋಡದ್‌ನ ಜಿಎಂಆರ್‌ಟಿ ರೇಡಿಯೋ ದೂರದರ್ಶಕದಲ್ಲಿ 45 ಮೀಟರ್ ವ್ಯಾಸದ 30 ಆಂಟೆನಾ, ಜೋಡಿ ಲೆಕ್ಕ ಹಾಕಿದರೆ 435. ಅಷ್ಟು ಜೋಡಿಗಳ ಸಿಗ್ನಲ್ ಸಂಭಾಳಿಸೋದು ಡೇಟಾ ಇಂಜಿನಿಯರಿಂಗ್ ಅಲ್ಲದೆ ಮತ್ತೇನು?

ನೆಟ್ ಅಥವಾ ಗೇಟ್ ಪರೀಕ್ಷೆ ಪಾಸಾಗಿದ್ದರೆ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) 2023ರ ಜನವರಿಯಿಂದ ತಿಂಗಳಿಗೆ 37,000, ಎಚ್‌ಆರ್‌ಎ ಬೇರೆ. ಮೇಲಿನವರ 31,238ರ ಪಕ್ಕದಲ್ಲಿಟ್ಟು ನೋಡಿ. ಗೇಟ್‌ನಲ್ಲಿ 2024ರಿಂದ ಡೇಟಾ ಸೈನ್ಸ್ ಮತ್ತು ಎಐ ಅಂತ ಹೊಸ ಪೇಪರ್ ಬಂದಿದೆ, ಪ್ರಾಬಬಿಲಿಟಿ, ಲೀನಿಯರ್ ಆಲ್ಜಿಬ್ರಾ ನಿಮಗೆ ಹೊಸದಲ್ಲ. ಸ್ಕೋರು ಮೂರು ವರ್ಷ ನಡೆಯುತ್ತೆ.

ಬಾಣೇರ_ಡೇಟಾ:

ದೋಣಾಪಾವ್ಲದವರ ಮಾತು ಒಪ್ತೀನಿ, ಒಂದು ಎಚ್ಚರಿಕೆ ಜೊತೆ. ಪ್ರಾಜೆಕ್ಟ್ ಹುದ್ದೆ ಪ್ರಾಜೆಕ್ಟ್ ಇರೋವರೆಗೆ ಮಾತ್ರ. ಜಾಹೀರಾತಿನಲ್ಲಿ ಅವಧಿಯ ಸಾಲನ್ನು ಮೊದಲು ಓದಿ. ಆಮೇಲೆ ಕಂಪನಿಗೆ ಬಂದಾಗ ಕೆಲವು ಎಚ್‌ಆರ್‌ಗಳು ಆ ವರ್ಷಗಳನ್ನು ಅನುಭವ ಅಂತ ಎಣಿಸಲ್ಲ, 'ಓದ್ತಿದ್ರಿ ಅಲ್ವಾ' ಅಂತಾರೆ. ಅಲ್ಲಿದ್ದಾಗಲೇ ಕೋಡನ್ನು ಗಿಟ್‌ನಲ್ಲಿಟ್ಟು, ಟೆಸ್ಟ್ ಬರೆದು, ಇನ್ನೊಬ್ಬರು ಓಡಿಸುವ ಹಾಗೆ ಮಾಡಿಟ್ಟರೆ ಆ ಮಾತು ಏಳಲ್ಲ.

ಕರ್ವೆನಗರ_ಫಿಸಿಕ್ಸ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಖರಾಡಿಯವರು ಒರಿಜಿನಲ್ ಇಲ್ಲದೆ ಆಫರ್ ಇಲ್ಲ ಅಂದರು, ಬಿಟ್ಟೆ. ಕ್ಲಾಸಿಗೂ ಬರಲ್ಲ ಅಂದೆ.

ಪಾಷಾಣದವರಿಗೆ ಒಂದು ಪ್ರಶ್ನೆ. 2005ರ ಫೈಲು ನೀವು ಹೇಳಿದ ಗಾತ್ರಕ್ಕೆ ಸರಿಯಾಗಿದೆ. ಆದರೆ 2004ರದ್ದು 2,54,95,560 ಬೈಟ್ ಇದೆ, 69,660 ಹೆಚ್ಚು. ಡೌನ್‌ಲೋಡ್ ಕೆಟ್ಟಿದೆಯಾ?

ಪಾಷಾಣ_ಮಳೆ:

ಕೆಟ್ಟಿಲ್ಲ. 69,660 ಅಂದ್ರೆ 129 × 135 × 4, ಸರಿಯಾಗಿ ಒಂದು ದಿನ. 2004ಕ್ಕೆ ಫೆಬ್ರವರಿ 29 ಇತ್ತು. ಕೋಡಿನಲ್ಲಿ 365 ಅಂತ ಎಲ್ಲಾದರೂ ಬರೆದಿದ್ದರೆ ಅಳಿಸಿ, ಫೈಲಿನ ಗಾತ್ರವನ್ನು 69,660ರಿಂದ ಭಾಗಿಸಿ ದಿನ ತೆಗೆಯಿರಿ. ಶೇಷ ಉಳಿದರೆ, ಇಲ್ಲವೇ ಭಾಗಲಬ್ಧ 365 ಅಥವಾ 366 ಬರದಿದ್ದರೆ ಆಗ ಡೌನ್‌ಲೋಡ್ ಕೆಟ್ಟಿದೆ ಅನ್ನಿ. ಜುಲೈ 27ರ ಸೂಚಿ ಕೂಡ 2004ರಲ್ಲಿ 207 ಅಲ್ಲ, 208.